ಅಗ್ಗಕ್ಕೆ ಬಂದ ಸಾಮಾನು, ನಮ್ಮ ಮೇಲೆ ಬಿದ್ದ ಕೆಲಸ

ಬಾಗಲಕೋಟೆಯಲ್ಲಿ ಸ್ಪ್ಲೆಂಡರ್, ಶೈನ್, ಪಲ್ಸರ್ ಇಟ್ಟುಕೊಂಡವರಿಗೆ ಸಾಮಾನಿನ ಚಿಂತೆ ಇಲ್ಲ. ಕ್ಲಚ್ ಕೇಬಲ್ಲೋ, ಬ್ರೇಕ್ ಶೂವೋ, ಯಾವ ಅಂಗಡಿಗೆ ಹೋದರೂ ಕೈಗೆ ಸಿಗುತ್ತದೆ. ನಮ್ಮ ಮನೆಯಲ್ಲಿರುವುದು ಯೆಜ್ಡಿ ರೋಡ್‌ಕಿಂಗ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ಮಾಡಲು ಶುರು ಮಾಡಿ 1996ರಲ್ಲಿ ಬಾಗಿಲು ಹಾಕಿತು. ಆಮೇಲೆ ಹುಟ್ಟಿದ ಹುಡುಗರೇ ಈಗ ಅಂಗಡಿಗಳ ಕೌಂಟರಿನಲ್ಲಿ ನಿಂತಿದ್ದಾರೆ. "ಯೆಜ್ಡಿ ಇನ್ನೂ ಓಡಾಡತೈತೇನ್ರೀ ಸರ?" ಎಂದು ನಗುತ್ತಾರೆ. ಅವರದೇನೂ ತಪ್ಪಿಲ್ಲ. ಎಂದೋ ಒಬ್ಬ ಗಿರಾಕಿ ಬಂದು ಕೇಳುವ ಸಾಮಾನಿಗೆ ದುಡ್ಡು ಹಾಕಿ ಯಾರು ಕೂರುತ್ತಾರೆ?

ಹಾಗಾಗಿ ನನಗೆ ಆನ್‌ಲೈನ್ ಬಿಟ್ಟರೆ ಗತಿ ಇಲ್ಲ. ಅಲ್ಲಿ ಹುಡುಕುವುದೂ ಈಗ ಮೊದಲಿನಷ್ಟು ಸಲೀಸಲ್ಲ. 2022ರ ಜನವರಿಯಲ್ಲಿ ಯೆಜ್ಡಿ ಹೆಸರಿನಲ್ಲೇ ಹೊಸ ಗಾಡಿಗಳು ಬಂದವು. ಅವು 334 ಸಿಸಿ, ನಾಲ್ಕು ಸ್ಟ್ರೋಕ್, ನೀರಿನಿಂದ ತಂಪಾಗುವ ಎಂಜಿನ್. ನನ್ನದು 250 ಸಿಸಿ, ಎರಡು ಸ್ಟ್ರೋಕ್, ಎರಡು ಸೈಲೆನ್ಸರ್, ಕಿಕ್ಕಿಗೂ ಗೇರಿಗೂ ಒಂದೇ ಲಿವರ್. ಹೆಸರು ಬಿಟ್ಟರೆ ಎರಡಕ್ಕೂ ಸಂಬಂಧ ಇಲ್ಲ. ಆದರೆ ಯೆಜ್ಡಿ ಬ್ರೇಕ್ ಎಂದು ಹುಡುಕಿದರೆ ಹಳೇ ಗಾಡಿಯ ಶೂ ಪಕ್ಕದಲ್ಲೇ ಹೊಸ ಗಾಡಿಯ ಡಿಸ್ಕ್ ಪ್ಯಾಡೂ ಬಂದು ಕೂರುತ್ತದೆ. ಎಲ್ಲಾ ಮಾಡೆಲ್‌ಗೂ ಆಗುತ್ತದೆ ಎಂದು ಕೆಳಗೆ ಬರೆದಿರುತ್ತಾರೆ. ಬರೆದವರು ಎರಡರಲ್ಲಿ ಒಂದು ಗಾಡಿಯನ್ನಾದರೂ ಹತ್ತಿರದಿಂದ ನೋಡಿದ್ದಾರೋ ಇಲ್ಲವೋ!

ಹಳೇ ಗಾಡಿಗಷ್ಟೇ ಈ ಗೋಳು ಅಂದುಕೊಳ್ಳಬೇಡಿ. 2020ರ ಏಪ್ರಿಲ್‌ನಿಂದ ಬಿಎಸ್6 ಎಂಬ ಹೊಗೆ ನಿಯಮ ಬಂತಲ್ಲ, ಆಗ ಎಷ್ಟೋ ಗಾಡಿಗಳಲ್ಲಿ ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬುರೇಟರ್ ಹೋಗಿ ಕರೆಂಟಿನಿಂದ ನಡೆಯುವ ಇಂಜೆಕ್ಷನ್ ಬಂತು. ಹೆಸರು ಅದೇ, ಟ್ಯಾಂಕಿನ ಮೇಲಿನ ಸ್ಟಿಕ್ಕರ್ ಹೆಚ್ಚುಕಮ್ಮಿ ಅದೇ, ಒಳಗಿನ ವೈರಿಂಗ್ ಬೇರೆ. ಮಾಡೆಲ್ ಹೆಸರು ನೋಡಿ ಸಾಮಾನು ತರಿಸುವುದು ಅಂದರೆ ಜೂಜು. ಅದಕ್ಕೇ ನಾನು ಯಾರೇ ಕೇಳಿದರೂ ಮೊದಲು ಪಾರ್ಟ್ ನಂಬರ್ ಹುಡುಕಿ ಅನ್ನುತ್ತೇನೆ. ಹೋಂಡಾದವರ ನಂಬರಿನಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಮೊದಲ ಐದು ಅಂಕಿ ಅದು ಯಾವ ಸಾಮಾನು ಎಂದು ಹೇಳುತ್ತದೆ. 13101 ಅಂದರೆ ಪಿಸ್ಟನ್, 22870 ಅಂದರೆ ಕ್ಲಚ್ ಕೇಬಲ್. ನಡುವಿನ ಮೂರು ಅಕ್ಷರ ಯಾವ ಗಾಡಿಯದು ಎಂದು ಹೇಳುತ್ತವೆ. ಹೀರೋ ಹೋಂಡಾ ಕಾಲದ ಗಾಡಿಗಳಿಗೂ ಇದೇ ಲೆಕ್ಕ. ಇದು ಗೊತ್ತಿದ್ದರೆ ಫೋಟೋ ನೋಡಿ ಮೋಸ ಹೋಗುವ ಪ್ರಶ್ನೆ ಅರ್ಧ ಕಮ್ಮಿ.

ಬೇರಿಂಗ್ ಇನ್ನೂ ಸುಲಭ. ಅದರ ಅಂಚಿನಲ್ಲೇ ನಂಬರ್ ಕೆತ್ತಿರುತ್ತಾರೆ. 6203 ಅಂದರೆ ಯಾವ ಕಂಪನಿಯದಾದರೂ ಒಳಗೆ 17, ಹೊರಗೆ 40, ದಪ್ಪ 12 ಮಿಲಿಮೀಟರ್. ಆದರೆ ನಂಬರಿನ ಬಾಲವನ್ನೂ ಓದಬೇಕು. ಸಿ3 ಎಂದಿದ್ದರೆ ಒಳಗಿನ ಸಡಿಲು ಸ್ವಲ್ಪ ಜಾಸ್ತಿ, ಬಿಸಿಯಾಗಿ ಹಿಗ್ಗುವ ಎಂಜಿನ್ನಿನ ಒಳಗೆ ಅದೇ ಬೇಕಾಗುತ್ತದೆ. ಅಂಗಡಿಯವರು ಇದನ್ನು ಕೇಳದೆಯೇ ಕೊಡುತ್ತಿದ್ದರು. ಮೊಬೈಲಿನಲ್ಲಿ ನಾವೇ ನೋಡಿಕೊಳ್ಳಬೇಕು.

ನನಗೆ ಬಹಳ ದಿನದಿಂದ ಕಾಡುತ್ತಿರುವುದು ಇದೇ. ಹಳೇ ಊರಿನ ಪೇಟೆಯಲ್ಲಿ ನಾವು ಹೋಗುವ ಒಂದು ಸಾಮಾನಿನ ಅಂಗಡಿ ಇದೆ. ಅಂಗಡಿಯ ಕಾಕಾ ಬೆಳಗ್ಗೆ ಊದಿನಕಡ್ಡಿ ಹಚ್ಚಿ ಕೂತರೆ ರಾತ್ರಿವರೆಗೂ ಅಲ್ಲೇ. ಸವೆದ ಸಾಮಾನನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋಗಿ ಅವರ ಮುಂದೆ ಇಟ್ಟರೆ ಸಾಕು, ಮಾತಿಲ್ಲದೆ ಒಳಗೆ ಹೋಗುತ್ತಾರೆ. ಹೊಸದನ್ನು ತಂದು ಹಳೆಯದರ ಪಕ್ಕ ಇಟ್ಟು, ತೂತಿಗೆ ತೂತು ಹೊಂದಿಸಿ ನೋಡಿ, ಆಮೇಲೆ ರೇಟು ಹೇಳುತ್ತಾರೆ. ಒಮ್ಮೊಮ್ಮೆ "ಇದು ಬ್ಯಾಡ್ರೀ, ಒಂದ ವರ್ಷ ಬರಂಗಿಲ್ಲ" ಎಂದು ತಾವೇ ವಾಪಸ್ ಇಟ್ಟುಬಿಡುತ್ತಾರೆ. ತಪ್ಪು ಬಂತು ಅಂತಿಟ್ಟುಕೊಳ್ಳಿ. ಸಂಜೆ ಹೋಗಿ ಕೊಟ್ಟರೆ ನಿಂತ ಜಾಗದಲ್ಲೇ ಬದಲಿ. ಬಿಲ್ಲೂ ಕೇಳುವುದಿಲ್ಲ, ಫೋಟೋವನ್ನೂ ಕೇಳುವುದಿಲ್ಲ.

ಅದೇ ಚೈನ್ ಸ್ಪ್ರಾಕೆಟ್ ಕಿಟ್ (ಚೈನು, ಅದು ಓಡುವ ಹಲ್ಲಿನ ಚಕ್ರ) ಆನ್‌ಲೈನ್‌ನಲ್ಲಿ ಇನ್ನೂರು ಮುನ್ನೂರು ಕಮ್ಮಿ ಇರುತ್ತದೆ. ನಾವು ಅದನ್ನು ಉಳಿತಾಯ ಅನ್ನುತ್ತೇವೆ. ನನ್ನ ಲೆಕ್ಕದಲ್ಲಿ ಅದು ಕಾಕಾ ಮಾಡುತ್ತಿದ್ದ ಕೆಲಸದ ಕೂಲಿ. ಸರಿಯಾದದ್ದನ್ನು ಆರಿಸುವುದು, ಬಂದದ್ದನ್ನು ಪರೀಕ್ಷೆ ಮಾಡುವುದು, ಕೆಟ್ಟಿದ್ದರೆ ಕಂಪನಿಯವರ ಜೊತೆ ಜಗಳಾಡುವುದು, ಈ ಮೂರೂ ಈಗ ನಮ್ಮ ತಲೆಗೆ ಬಂದಿವೆ. ಈ ಕೆಲಸ ಮಾಡಲು ಪುರುಸೊತ್ತು ಇದ್ದವರಿಗೆ ಆ ಮುನ್ನೂರು ನಿಜವಾಗಿಯೂ ಉಳಿಯುತ್ತದೆ. ಇಲ್ಲದವರಿಗೆ ಉಳಿದಂತೆ ಕಾಣುತ್ತದೆ ಅಷ್ಟೇ.

ಪರೀಕ್ಷೆ ಮಾಡುವುದಕ್ಕಿಂತ ಮೊದಲು ಪಾರ್ಸಲ್ ಮನೆಗೆ ಬಂದು ಮುಟ್ಟಬೇಕಲ್ಲ! ನಮ್ಮ ಊರಿನಲ್ಲಿ ಅದೇ ಒಂದು ಕಥೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಬಾಗಲಕೋಟೆಯ ಒಂದು ಭಾಗ ಮುಳುಗುತ್ತದೆ ಎಂದು ನವನಗರ ಕಟ್ಟಿದರು. ಸೆಕ್ಟರ್ ಸೆಕ್ಟರ್ ಆಗಿ, ಅಚ್ಚುಕಟ್ಟಾಗಿ. ಹಳೇ ಊರಿಗೆ 587101, ವಿದ್ಯಾಗಿರಿಗೆ 587102, ನಾವಿರುವ ನವನಗರಕ್ಕೆ 587103. ಅಭ್ಯಾಸಬಲದಿಂದ ಕೊನೆಯ ಅಂಕಿ ಒಂದು ಎಂದು ಹಾಕಿದರೆ ಪಾರ್ಸಲ್ ಹಳೇ ಊರಿನ ಹುಡುಗನ ಚೀಲಕ್ಕೆ ಹೋಗುತ್ತದೆ. ಅವನು ಫೋನ್ ಮಾಡಿ, "ಅಣ್ಣಾರ, ಸೆಕ್ಟರ್ ನಮ್ಮ ಏರಿಯಾ ಅಲ್ರೀ" ಎನ್ನುತ್ತಾನೆ. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಡಬ್ಬಿ ಇನ್ನೂ ಒಂದೆರಡು ಕೈ ಹೆಚ್ಚಿಗೆ ಬದಲಾಗಿರುತ್ತದೆ. ಪ್ರತಿ ಕೈಯೂ ಒಂದೊಂದು ಸಲ ಎತ್ತಿ ಇಡುವುದು. ಕೆಲವರು ಇಡುತ್ತಾರೆ, ಕೆಲವರು ಒಗೆಯುತ್ತಾರೆ.

ಹಳ್ಳಿಯವರ ಪಾಡು ಇನ್ನೂ ಒಂದು ಕೈ ಮೇಲು. ಬೀಳಗಿ ಕಡೆಯ ನನ್ನ ಗೆಳೆಯ ಹೊಲದ ಕೆಲಸಕ್ಕೆ ಗಾಡಿ ಇಟ್ಟವನು. ಮಳೆ ಬಂದರೆ ಎರೆ ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಚಕ್ರ ತಿರುಗುವುದಿಲ್ಲ. ಆ ಮಣ್ಣಿನಲ್ಲಿ ಓಡಾಡಿದ ಚೈನು ಬಾಳಿಕೆ ಬರುವುದೂ ಅಷ್ಟಕ್ಕಷ್ಟೇ. ಅವನ ಊರಿನ ಪಿನ್‌ಕೋಡಿಗೆ ಸಾಮಾನು ಕೊಡಲು ಬರುತ್ತಾರೆ, ವಾಪಸ್ ಒಯ್ಯಲು ಬರುವುದಿಲ್ಲ. ನೀವೇ ಕಳಿಸಿ, ಆಮೇಲೆ ಖರ್ಚು ಕೊಡುತ್ತೇವೆ ಎಂದು ಬರುತ್ತದೆ. ಅದಕ್ಕೇ ಅವನು ನನ್ನ ವಿಳಾಸ ಕೊಡುತ್ತಾನೆ. ಅವನಿಂದ ಅವನ ಭಾವ, ಭಾವನಿಂದ ಇನ್ಯಾರೋ. ಹೀಗೆ ನಮ್ಮ ಮನೆಯ ಜಗಲಿ ಸಣ್ಣ ಪಾರ್ಸಲ್ ಆಫೀಸ್ ಆಗಿದೆ. ಮನೆಯಾಕೆಗೆ ಕ್ಲಚ್ ಪ್ಲೇಟಿನ ಡಬ್ಬಿ ಯಾವುದು, ಕಾರ್ಬುರೇಟರ್ ಡಬ್ಬಿ ಯಾವುದು ಅಂತ ಕೈಗೆ ತಗೊಂಡರೇ ಗೊತ್ತಾಗುತ್ತದೆ.

ಇಷ್ಟು ಡಬ್ಬಿ ನೋಡಿದ ಮೇಲೆ ನನಗೆ ಅರ್ಥವಾದದ್ದು, ಬೈಕಿನ ಸಾಮಾನು ದಾರಿಯಲ್ಲಿ ಹಾಳಾಗುವ ರೀತಿಯೇ ಬೇರೆ. ಗಾಜಿನ ಲೋಟ ಹೊರಗಿನ ಏಟಿಗೆ ಒಡೆಯುತ್ತದೆ. ಕಬ್ಬಿಣದ ಸಾಮಾನು ತನ್ನ ಡಬ್ಬಿಯನ್ನು ಒಳಗಿನಿಂದ ತಾನೇ ಒಡೆಯುತ್ತದೆ. ಸ್ಪ್ರಾಕೆಟ್ ಹಲ್ಲು ರಟ್ಟನ್ನು ಕೊಯ್ದು ಹೊರಗೆ ಬರುತ್ತದೆ, ಅದರ ಜೊತೆಗಿದ್ದ ಸಣ್ಣ ಬೋಲ್ಟು, ವಾಷರು, ಲಾಕು ಎಲ್ಲೋ ಲಾರಿಯಲ್ಲಿ ಉದುರಿ ಹೋಗಿರುತ್ತವೆ. ಎಂಜಿನ್ನಿನ ಅಲ್ಯೂಮಿನಿಯಂ ಕವರ್ ನೋಡಲು ಗಟ್ಟಿ. ಆದರೆ ಬೋಲ್ಟ್ ಹಾಕುವ ಕಿವಿಗಳು ಎರಕದವು, ಬಾಗುವುದಿಲ್ಲ, ಪಟ್ ಎಂದು ಮುರಿಯುತ್ತವೆ. ಡಿಸ್ಕ್ ಬಾಗಿದ್ದು ಕಣ್ಣಿಗೆ ಕಾಣುವುದಿಲ್ಲ. ಅದನ್ನು ದಪ್ಪ ಗಾಜಿನ ಮೇಲೆ ಮಲಗಿಸಿ ಸುತ್ತಲೂ ಬೆರಳಿನಿಂದ ಒತ್ತಿ ನೋಡಬೇಕು, ಎಲ್ಲಾದರೂ ಟಕ್ ಎಂದರೆ ಬಾಗಿದೆ ಎಂದೇ. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಪೈಪನ್ನು ಗಾಜಿನ ಮೇಲೆ ಉರುಳಿಸಿ ನೋಡಿದರೆ ತಿಳಿಯುತ್ತದೆ. ನಮ್ಮ ಮನೆಗಳ ಶಹಾಬಾದ್ ಕಲ್ಲಿನ ನೆಲದ ಮೇಲೆ ಈ ಪರೀಕ್ಷೆ ಬೇಡ. ಕಲ್ಲೇ ಸಮ ಇರುವುದಿಲ್ಲ, ಸುಮ್ನೆ ಒಳ್ಳೆ ಸಾಮಾನಿಗೆ ಕೆಟ್ಟ ಹೆಸರು.

ನನ್ನ ಯೆಜ್ಡಿಗೆ ತರಿಸಿದ ಜೋಡಿ ಸೈಲೆನ್ಸರ್ ಬಂದಾಗ ಒಂದರ ಹೊಟ್ಟೆ ಒಳಗೆ ಹೋಗಿತ್ತು. ಉದ್ದನೆಯ ರಟ್ಟಿನ ಡಬ್ಬಿ, ಒಳಗೆ ಎರಡಕ್ಕೂ ಒಂದೊಂದು ಸುತ್ತು ಬಬಲ್ ಶೀಟು. ಇಷ್ಟು ದೂರ ಬರುವ ಸಾಮಾನಿಗೆ ಇಷ್ಟೇನಾ ಎಂದು ಮೊದಲು ಸಿಟ್ಟು ಬಂತು. ಆಮೇಲೆ ಲೆಕ್ಕ ಹಾಕಿದೆ. ಕೊರಿಯರ್‌ನವರು ತೂಕಕ್ಕೆ ಮಾತ್ರ ದುಡ್ಡು ತಗೊಳ್ಳುವುದಿಲ್ಲ, ಜಾಗಕ್ಕೂ ತಗೊಳ್ಳುತ್ತಾರೆ. ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ಸಾಮಾನ್ಯ ಪದ್ಧತಿ. ಬಂದ ಕೆಜಿ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದರ ಮೇಲೆಯೇ ಬಾಡಿಗೆ. 110 ಉದ್ದ, 15 ಅಗಲ, 15 ಎತ್ತರದ ಡಬ್ಬಿ ಸುಮಾರು 5 ಕೆಜಿ ಆಗುತ್ತದೆ. ಸುತ್ತಲೂ ಎರಡೂವರೆ ಸೆಂಟಿಮೀಟರ್ ಥರ್ಮಾಕೋಲ್ ಹಾಕಿ ಅಗಲ ಎತ್ತರ 20 ಮಾಡಿದರೆ, ಉದ್ದ ಹೆಚ್ಚದಿದ್ದರೂ, 8.8 ಕೆಜಿ. ಥರ್ಮಾಕೋಲಿಗೆ ತೂಕವೇ ಇಲ್ಲ, ಬಾಡಿಗೆ ಮಾತ್ರ ಮುಕ್ಕಾಲು ಪಾಲು ಏರಿತು. ಮಾರುವವನು ಡಬ್ಬಿಯನ್ನು ಯಾಕೆ ಬಿಗಿ ಮಾಡುತ್ತಾನೆ ಎಂದು ಆಗ ಹೊಳೆಯಿತು. ಹಾಗಂತ ಅವನನ್ನು ಬಿಟ್ಟುಬಿಡಬೇಕಿಲ್ಲ. ಕಿಸೆ ಅವನದು ಉಳಿಯಿತು, ಹೊಟ್ಟೆ ನನ್ನ ಸೈಲೆನ್ಸರಿನದು ಹೋಯಿತು.

ನನ್ನ ಪುಣ್ಯಕ್ಕೆ ವಿಡಿಯೋ ಇತ್ತು. ಇದನ್ನೊಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬಹಳ ಜನ ಡಬ್ಬಿ ಒಡೆದ ಮೇಲೆ ಕ್ಯಾಮೆರಾ ಹಚ್ಚುತ್ತಾರೆ. ಅದು ಮಾರುವವನ ಮುಂದೆ ನಡೆಯುವುದಿಲ್ಲ. ಡಬ್ಬಿ ಮುಚ್ಚಿದ್ದಾಗಲೇ ಶುರು ಮಾಡಬೇಕು. ಮೊದಲು ವಿಳಾಸದ ಚೀಟಿ, ಅದರ ನಂಬರ್ ಓದುವ ಹಾಗೆ. ಆಮೇಲೆ ಆರೂ ಮಗ್ಗಲು, ಟೇಪು ಹರಿದಿದೆಯೋ ಇಲ್ಲವೋ, ಮೂಲೆ ಜಜ್ಜಿದೆಯೋ ಹೇಗೆ. ಆಮೇಲೆ ಕೊಯ್ಯುವುದು. ನಡುವೆ ನಿಲ್ಲಿಸಬಾರದು, ಕ್ಯಾಮೆರಾ ಬೇರೆ ಕಡೆ ತಿರುಗಬಾರದು. ಸಾಮಾನಿನ ಮೇಲಿನ ಪಾರ್ಟ್ ನಂಬರೂ ಬರಲಿ. ಒಬ್ಬರೇ ಇದ್ದರೆ ಕಷ್ಟ, ಮಕ್ಕಳು ಇದ್ದರೆ ಮೊಬೈಲ್ ಹಿಡಿಯಲು ಖುಷಿಯಿಂದ ಬರುತ್ತಾರೆ. ವಿಡಿಯೋ ಇಲ್ಲದಿದ್ದರೆ ವಾಪಸ್ ಇಲ್ಲ ಅನ್ನುವುದು ಮಾರುವವರು ಹಾಕಿಕೊಂಡ ಷರತ್ತು, ಕಾನೂನಿನಲ್ಲಿ ಹಾಗೆಂದು ಎಲ್ಲೂ ಇಲ್ಲ. ಆದರೆ ನಮ್ಮ ಕೈಯಲ್ಲಿ ವಿಡಿಯೋ ಇದ್ದರೆ ಮಾತು ಬೇಗ ಮುಗಿಯುತ್ತದೆ.

ತಂದುಕೊಡುವ ಹುಡುಗನ ಮುಂದೆಯೇ ಇದೆಲ್ಲ ಮಾಡಿ ಎಂದು ಹೇಳುವವರಿದ್ದಾರೆ. ನನಗೆ ಮನಸ್ಸು ಬರುವುದಿಲ್ಲ. ಅವರಲ್ಲಿ ಪಾರ್ಸಲ್ ಲೆಕ್ಕದ ಮೇಲೆ ದುಡಿಯುವವರೇ ಜಾಸ್ತಿ. ಮೇ ತಿಂಗಳ ಮಧ್ಯಾಹ್ನ ನವನಗರದ ಬಿಸಿಲಿನಲ್ಲಿ ನಿಂತು, "ಓಟಿಪಿ ಹೇಳ್ರಿ ಅಣ್ಣಾರ, ಇನ್ನ ಬಾಳ ಮನಿ ಅದಾವ" ಎನ್ನುವವನನ್ನು ಕಟ್ಟಿ ಹಾಕುವುದು ಹೇಗೆ? ಅವನ ಮುಂದೆ ನಾನು ಮಾಡುವುದು ಒಂದೇ. ಡಬ್ಬಿ ಹೊರಗಿನಿಂದಲೇ ಜಜ್ಜಿದ್ದರೆ, ಹಸಿಯಾಗಿದ್ದರೆ, ಅಲುಗಿಸಿದಾಗ ಒಳಗೆ ಗಾಜು ಗಲಗಲ ಎಂದರೆ, ತಗೊಳ್ಳುವುದಿಲ್ಲ. ಹಸಿ ಎಂದರೆ ಎಣ್ಣೆಯ ಡಬ್ಬಿ ಸೋರಿದೆ ಎಂದರ್ಥ, ಅದರ ಜೊತೆಗಿದ್ದ ಏರ್ ಫಿಲ್ಟರೂ ಹೋಯಿತು. ಓಟಿಪಿ ಹೇಳಿದ ಮೇಲೆ ಅದು ನಿಮ್ಮ ಆಸ್ತಿ. ಹೇಳುವ ಮುಂಚೆ ಅದು ಇನ್ನೂ ಅವರದು.

ಇನ್ನು ಜಗಳದ ಭಾಗ. ಸೈಲೆನ್ಸರ್ ಮಾರಿದವರು ಮೊದಲು ಫೋಟೋ ಸ್ಪಷ್ಟ ಇಲ್ಲ ಎಂದರು. ಆಮೇಲೆ ಗಾಡಿಗೆ ಹಾಕಿ ತೆಗೆದ ಗುರುತು ಇದೆ ಎಂದರು. ಹಾಕಿದ್ದರೆ ಒಳಗೆ ಮಸಿ ಇರಬೇಕಲ್ಲ, ಅದರ ಫೋಟೋ ಕಳಿಸಿದೆ, ಒಳಗೆ ಬೆಳ್ಳಗಿತ್ತು. ಆಮೇಲೆ ಅರ್ಧ ದುಡ್ಡು ವಾಪಸ್ ಕೊಡುತ್ತೇವೆ, ಸಾಮಾನು ನೀವೇ ಇಟ್ಟುಕೊಳ್ಳಿ ಎಂದರು. ಈ ಹಂತದಲ್ಲಿ ಬಹಳ ಜನ ಹೂಂ ಅಂದುಬಿಡುತ್ತಾರೆ. ನಾನು 2020ರ ಇ-ಕಾಮರ್ಸ್ ನಿಯಮದ ಮಾತು ತೆಗೆದೆ. ಅದರ ಪ್ರಕಾರ ಸಾಮಾನು ದೋಷದ್ದಾಗಿದ್ದರೆ, ನಕಲಿಯಾಗಿದ್ದರೆ, ಹೇಳಿದ್ದೊಂದು ಕೊಟ್ಟಿದ್ದೊಂದು ಆಗಿದ್ದರೆ ವಾಪಸ್ ತಗೊಳ್ಳುವುದಿಲ್ಲ ಎಂದು ಮಾರುವವರು ಹೇಳುವಂತಿಲ್ಲ. ದೂರು ಕೇಳಲು ಒಬ್ಬ ಅಧಿಕಾರಿಯನ್ನು ಇಟ್ಟಿರಬೇಕು. ದೂರು ಮುಟ್ಟಿದೆ ಎಂದು 48 ಗಂಟೆಯೊಳಗೆ ಹೇಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆ ಅಧಿಕಾರಿಯ ಹೆಸರು ಆ್ಯಪಿನ ತಳದಲ್ಲಿ, ಯಾರೂ ಓದದ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅಲ್ಲಿಗೆ ಬರೆದ ಮೇಲೆ ಮಾತಿನ ಧಾಟಿಯೇ ಬದಲಾಯಿತು.

ಅಲ್ಲೂ ಆಗದಿದ್ದರೆ 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಮೇಲೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ್ದು, ಮಾರಿದವರು ದೆಹಲಿಯಲ್ಲಿದ್ದರೂ ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಫೀಸೂ ಇಲ್ಲ. ಆದರೆ ನಿಜ ಹೇಳಬೇಕೆಂದರೆ ಎಂಟುನೂರು ರೂಪಾಯಿಯ ಹೆಡ್‌ಲೈಟಿಗೆ ಯಾರು ಆಯೋಗದ ಮೆಟ್ಟಿಲು ಹತ್ತುತ್ತಾರೆ? ಇದು ಮಾರುವವರಿಗೂ ಗೊತ್ತು. ಎಂಟುನೂರರ ಸಾಮಾನಿನಲ್ಲಿ ಅವರು ಆಡುವ ಆಟ ಎಂಟು ಸಾವಿರದ್ದರಲ್ಲಿ ಆಡುವುದಿಲ್ಲ.

ಗೆದ್ದ ಮೇಲೂ ಕೆಲಸ ಮುಗಿಯುವುದಿಲ್ಲ. ವಾಪಸ್ ಕಳಿಸುವ ಡಬ್ಬಿ ದಾರಿಯಲ್ಲಿ ಕಳೆದರೆ, ಅಥವಾ ಖಾಲಿ ಡಬ್ಬಿ ಬಂತು ಎಂದು ಅವರು ಹೇಳಿದರೆ ಏನು ಮಾಡುತ್ತೀರಿ? ಅದಕ್ಕೇ ಬಂದ ಡಬ್ಬಿ, ಟೇಪು, ಒಳಗಿನ ಪ್ಲಾಸ್ಟಿಕ್ ಚೀಲ ಯಾವುದನ್ನೂ ಒಂದಷ್ಟು ದಿನ ಒಗೆಯಬಾರದು. ಕಟ್ಟುವಾಗಲೂ ವಿಡಿಯೋ. ತಕ್ಕಡಿ ಮೇಲೆ ಇಟ್ಟು ತೂಕದ ಫೋಟೋ. ನೀವೇ ಪಾರ್ಸಲ್ ಆಫೀಸಿನಲ್ಲಿ ಹಾಕುವುದಾದರೆ ರಸೀದಿಯಲ್ಲಿ ಸಾಮಾನಿನ ಬೆಲೆ ಬರೆಸಿ, ವಿಮೆ ಕೇಳಿ. ರಸ್ತೆ ಸಾಗಾಣಿಕೆಯ 2011ರ ನಿಯಮದ ಪ್ರಕಾರ, ಕಳೆದರೆ ಒಡೆದರೆ ಸಾಗಿಸುವವರ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ನೂರು ರೂಪಾಯಿ ಬಾಡಿಗೆ ಕೊಟ್ಟು ಐದು ಸಾವಿರದ ಸಾಮಾನು ಕಳಿಸಿದರೆ ಸಿಗುವುದು ಒಂದು ಸಾವಿರ.

ಕೆಲವನ್ನು ನಾನು ಆನ್‌ಲೈನ್‌ನಲ್ಲಿ ತರಿಸುವುದೇ ಇಲ್ಲ. ಬ್ರೇಕಿಗೆ ಸಂಬಂಧಪಟ್ಟದ್ದು ಯಾವುದೂ ಬೇಡ, ಅಂಗಡಿಯಲ್ಲಿ ಸಿಗುವುದಿದ್ದರೆ. ನಕಲಿ ಶೂ ಡಬ್ಬಿ ಅಸಲಿಗಿಂತ ಚೆಂದ ಇರುತ್ತದೆ, ಗೊತ್ತಾಗುವುದು ಗದ್ದನಕೇರಿ ಕ್ರಾಸಿನಲ್ಲಿ ಲಾರಿ ಎದುರು ಬಂದಾಗ. ಪ್ಲಗ್ಗಿಗೆ ಕಿಡಿ ಕೊಡುವ ಸಿಡಿಐನಂಥ ಕರೆಂಟಿನ ಸಾಮಾನು ಒಮ್ಮೆ ಹಚ್ಚಿದರೆ ಯಾರೂ ವಾಪಸ್ ತಗೊಳ್ಳುವುದಿಲ್ಲ, ಹಚ್ಚದೆ ಕೆಟ್ಟಿದೆಯೋ ಇಲ್ಲವೋ ತಿಳಿಯುವುದೂ ಇಲ್ಲ. ಹೆಲ್ಮೆಟ್ ದಾರಿಯಲ್ಲಿ ಎಷ್ಟು ಸಲ ಬಿದ್ದಿದೆ ಎಂದು ಯಾರಿಗೆ ಗೊತ್ತು? 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ. ಗುರುತು ಅದು ತಯಾರಾದಾಗಿನ ಗಟ್ಟಿತನ ಹೇಳುತ್ತದೆ, ಒಳಗಿನ ಥರ್ಮಾಕೋಲ್ ಆಮೇಲೆ ಏಟು ತಿಂದಿದೆಯೋ ಎಂದು ಹೇಳುವುದಿಲ್ಲ.

ಈಚೆಗೆ ಕಾಕಾ ಅಂಗಡಿಗೆ ಹೋದಾಗ ಕೌಂಟರಿನ ಹಿಂದೆ ನನಗೆ ಬಹಳ ಪರಿಚಯದ ಕಂದು ಡಬ್ಬಿಗಳು ಸಾಲಾಗಿ ಇದ್ದವು. ಅವರ ಮಗ ಮೊಬೈಲ್ ಹಿಡಿದು ಒಂದೊಂದನ್ನೇ ಕೊಯ್ಯುತ್ತ ವಿಡಿಯೋ ಮಾಡುತ್ತಿದ್ದ. ಅಂಗಡಿಯಲ್ಲಿ ಇಲ್ಲದ ಸಾಮಾನನ್ನು ಈಗ ಅವರೂ ಅಲ್ಲಿಂದಲೇ ತರಿಸುತ್ತಾರೆ. ಮೇಲೆ ನೂರು ನೂರೈವತ್ತು ಇಟ್ಟು ಕೊಡುತ್ತಾರೆ. "ತಪ್ಪ ಬಂತಂದ್ರ ನನಗ ತಂದ ಕೊಡ್ರಿ, ಅವರ ಜೋಡಿ ನಾವ ನೋಡ್ಕೋತೀವಿ" ಎಂದರು ಕಾಕಾ. ನಾನು ಬೀಳಗಿಯ ಗೆಳೆಯನಿಗೆ ಅಲ್ಲಿಂದಲೇ ಫೋನ್ ಹಚ್ಚಿ, ಇನ್ನು ಮೇಲೆ ಚೈನ್ ಕಿಟ್ ಇಲ್ಲೇ ಹೇಳು, ನನ್ನ ಜಗಲಿ ಬಿಡು ಎಂದೆ. ಆಮೇಲೆ ಮೆಲ್ಲಗೆ ನನ್ನ ಗಾಡಿಯ ಕ್ಲಚ್ ಪ್ಲೇಟಿನ ಮಾತು ತೆಗೆದೆ. ಕಾಕಾ ಕನ್ನಡಕ ತೆಗೆದು ನನ್ನನ್ನೊಮ್ಮೆ ನೋಡಿದರು.

"ಯೆಜ್ಡೀದು ಮಾತ್ರ ನನಗ ಹಚ್ಚಬ್ಯಾಡ್ರೀ ಸರ. ಅದನ್ನ ನೀವ ತರಸ್ಕೋರಿ, ನೀವ ಜಗಳಾಡ್ರಿ."